ಲಾರಿನ್ ಹಿಲ್ ಅವರ ಆಲ್ಬಮ್: ಮುಖಪುಟದ ಹೆಸರು, ಒಳಹಾಳೆಯ ಹೆಸರುಗಳು

ತೋಟದಮನೆ (ಸುಂಟಿಕೊಪ್ಪ):

ಕಳೆದ ವಾರ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದಾಗ ಅದರೊಳಗೆ ಒಂದು ಕ್ಯಾಸೆಟ್ ಸಿಕ್ಕಿತು. 1999ರ ಬೇಸಿಗೆಯಲ್ಲಿ ಬೆಂಗಳೂರಿನ ಹಾಸ್ಟೆಲಿನಿಂದ ರಜೆಗೆ ಬಂದಿದ್ದ ನನ್ನ ಚಿಕ್ಕಪ್ಪನ ಮಗಳು ಬಿಟ್ಟುಹೋದದ್ದು ಅದು. ನಮ್ಮ ಮಳೆಗಾಲದಲ್ಲಿ ಕ್ಯಾಸೆಟ್ಟೊಂದನ್ನು ಉಳಿಸಿಕೊಳ್ಳುವ ಕಷ್ಟವನ್ನು ಇಲ್ಲಿರುವ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಜೂನ್ ಮುಗಿಯುವಷ್ಟರಲ್ಲಿ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿಯುತ್ತಿತ್ತು. ಅಮ್ಮ ಅದನ್ನು ಒಲೆಯ ಮೇಲಿನ ಹಲಗೆಯಲ್ಲಿ, ಒಣಮೀನಿನ ಡಬ್ಬಿಯ ಪಕ್ಕದಲ್ಲಿ ಇಡುತ್ತಿದ್ದರು. ಹಾಗಾಗಿ ಅದರಲ್ಲಿ ಹಾಡಿದ ಅಮೆರಿಕದ ಗಾಯಕಿ ಲಾರಿನ್ ಹಿಲ್ ಅವರ ದನಿಗೂ ಒಣಮೀನಿನ ವಾಸನೆಗೂ ನನ್ನ ತಲೆಯಲ್ಲಿ ಇಂದಿಗೂ ಬಿಡಿಸಲಾಗದ ನಂಟಿದೆ.

ಆಲ್ಬಮ್ಮಿನ ಹೆಸರು 'ದಿ ಮಿಸ್‌ಎಜುಕೇಷನ್ ಆಫ್ ಲಾರಿನ್ ಹಿಲ್'. ಬಿಡುಗಡೆಯಾದದ್ದು 1998ರ ಆಗಸ್ಟ್ 25ರಂದು. ಆಗ ಅವರಿಗೆ 23 ವರ್ಷ. ಅದಕ್ಕೆ ಮೊದಲು ಅವರು ಫ್ಯೂಜೀಸ್ ಎಂಬ ರ‍್ಯಾಪ್ (ತಾಳಕ್ಕೆ ಪ್ರಾಸಕಟ್ಟಿ ಮಾತು ಒಗೆಯುವ ಹಾಡಿಕೆ) ತಂಡದ ಮೂವರಲ್ಲಿ ಒಬ್ಬರಾಗಿದ್ದರು, ಆ ತಂಡದ 1996ರ ಆಲ್ಬಮ್ ಅತ್ಯುತ್ತಮ ರ‍್ಯಾಪ್ ಆಲ್ಬಮ್ ಎಂಬ ಗ್ರ್ಯಾಮಿ (ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ) ಪಡೆದಿತ್ತು. ಒಬ್ಬರೇ ಹೊರಬಂದು ಮಾಡಿದ ಈ ಆಲ್ಬಮ್ ಮೊದಲ ವಾರದಲ್ಲಿಯೇ ಅಮೆರಿಕದಲ್ಲಿ 4,22,624 ಪ್ರತಿಗಳು ಮಾರಾಟವಾಗಿ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಮರುವರ್ಷ ಫೆಬ್ರವರಿಯಲ್ಲಿ ಅವರು ಹತ್ತು ಗ್ರ್ಯಾಮಿ ನಾಮನಿರ್ದೇಶನಗಳ ಪೈಕಿ ಐದನ್ನು ಒಂದೇ ರಾತ್ರಿ ಗೆದ್ದರು. ವರ್ಷದ ಆಲ್ಬಮ್ ಎಂಬ ಪ್ರಶಸ್ತಿ ಹಿಪ್‌ಹಾಪ್ ಆಲ್ಬಮ್ಮೊಂದಕ್ಕೆ ಸಂದದ್ದು ಅದೇ ಮೊದಲು.

ನಾನು ಈ ಚರ್ಚೆಯ ಎಳೆಯನ್ನು ಆರಂಭಿಸಿದ್ದು ಹೊಗಳುವುದಕ್ಕಾಗಿ ಅಲ್ಲ. ಹೊಗಳಿಕೆ ಅದಕ್ಕೆ ಸಾಕಷ್ಟು ಸಿಕ್ಕಿದೆ. ಗೆಲುವಿನ ಜೊತೆಗೇ ಅದಕ್ಕೊಂದು ತಕರಾರು ಅಂಟಿಕೊಂಡಿತು. 'ನ್ಯೂ ಆರ್ಕ್' ಎಂಬ ಹೆಸರಿನಲ್ಲಿ ಅವರೊಂದಿಗೆ ಕೆಲಸ ಮಾಡಿದ್ದ ನಾಲ್ವರು, ಹಾಡುಗಳ ರಚನೆಯಲ್ಲಿ ತಮ್ಮ ಪಾಲಿಗೆ ತಕ್ಕ ಹೆಸರೂ ಹಣವೂ ಸಿಗಲಿಲ್ಲವೆಂದು 1998ರಲ್ಲಿಯೇ ನ್ಯಾಯಾಲಯದ ಮೆಟ್ಟಿಲೇರಿದರು. 2001ರಲ್ಲಿ ರಾಜಿಯಾಯಿತು. ಆದರೆ ಪ್ರಶ್ನೆ ರಾಜಿಯಾಗಲಿಲ್ಲ: ಒಬ್ಬಳ ಹೆಸರು ಹೊತ್ತ ಆಲ್ಬಮ್ ನಿಜವಾಗಿಯೂ ಯಾರದು? ಇಪ್ಪತ್ತೈದು ವರ್ಷಗಳಿಂದ ಈ ಆಲ್ಬಮ್ಮಿನ ಬಗ್ಗೆ ಬಂದ ಮಾತುಗಳಲ್ಲಿ ಅರ್ಧದಷ್ಟು ಇದರ ಸುತ್ತಲೇ ಇವೆ. ಕೇಳಿದವರು ದಯವಿಟ್ಟು ನಿಮ್ಮ ಅಭಿಪ್ರಾಯವನ್ನು ಬಿಡಿಸಿ ಬರೆಯಿರಿ.

ಹಳೇಕ್ಯಾಸೆಟ್ (ಮಡಿಕೇರಿ):

ಅಕ್ಕ, ಮೂಲಪ್ರಶ್ನೆಗೆ ಬರುವ ಮೊದಲು ಒಂದು ತಿದ್ದುಪಡಿಯಂತಹ ಮಾತು. ಇದನ್ನು ರ‍್ಯಾಪ್ ಆಲ್ಬಮ್ ಎಂದು ಎಲ್ಲರೂ ಕರೆಯುತ್ತಾರೆ, ಆದರೆ ಗ್ರ್ಯಾಮಿಯವರು ಇದಕ್ಕೆ ಕೊಟ್ಟದ್ದು ಅತ್ಯುತ್ತಮ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್, ಹಾಡಿಕೆಯೇ ಮುಖ್ಯವಾದ ಪ್ರಕಾರ) ಆಲ್ಬಮ್ ಪ್ರಶಸ್ತಿ. ಆ ವರ್ಷದ ಅತ್ಯುತ್ತಮ ರ‍್ಯಾಪ್ ಆಲ್ಬಮ್ ಜೇ ಜೀ ಅವರ ಪಾಲಾಯಿತು. ಅಂದರೆ ಹಿಪ್‌ಹಾಪ್ ಮೊದಲ ಬಾರಿಗೆ ಅತಿ ದೊಡ್ಡ ಪ್ರಶಸ್ತಿಯನ್ನು ಗೆದ್ದಾಗಲೂ ಅದನ್ನು ತಂದುಕೊಟ್ಟವಳನ್ನು ಬೇರೆ ಕೋಣೆಯಲ್ಲಿ ಕೂರಿಸಲಾಗಿತ್ತು.

ಹಾಗೆಂದು ಆ ವಿಂಗಡಣೆ ಪೂರ್ತಿ ತಪ್ಪೆನ್ನಲೂ ನನಗೆ ಬಾಯಿ ಬರುವುದಿಲ್ಲ. ಸುಮಾರು 77 ನಿಮಿಷಗಳ ಆಲ್ಬಮ್ಮಿನಲ್ಲಿ ಹಾಡಿಕೆಯೇ ಹೆಚ್ಚು, ಪ್ರಾಸಕಟ್ಟಿ ಒಗೆಯುವ ಭಾಗ ಕಡಿಮೆ. ನನ್ನ ಮಟ್ಟಿಗೆ ಅದರ ಬೆರಗು ಇರುವುದೇ ಅಲ್ಲಿ. 'ಡೂ ವಾಪ್' ಹಾಡನ್ನು ಗಮನವಿಟ್ಟು ಕೇಳಿರಿ. ಐವತ್ತರ ದಶಕದ ಬೀದಿಬದಿಯ ಮೇಳಗಾಯನದ ಹಾಗೆ ಸುರುವಾಗುವ ಹಾಡಿನೊಳಗೆ ಅದೇ ವ್ಯಕ್ತಿ ಒಮ್ಮೆ ಹಾಡುತ್ತಾರೆ, ಒಮ್ಮೆ ರ‍್ಯಾಪ್ ಮಾಡುತ್ತಾರೆ, ಮೇಳದ ದನಿಯನ್ನೂ ತಾವೇ ಕಟ್ಟುತ್ತಾರೆ. ಅದಕ್ಕೂ ಮುಂಚಿನ ರ‍್ಯಾಪ್ ಹಾಡುಗಳಲ್ಲಿ ಗಂಡಸು ಮಾತನಾಡುವುದು, ನಡುವೆ ಪಲ್ಲವಿ ಹಾಡಲು ಹೆಂಗಸೊಬ್ಬಳನ್ನು ಕರೆಸುವುದು ರೂಢಿಯಾಗಿತ್ತು. ಲಾರಿನ್ ಆ ಎರಡು ಕುರ್ಚಿಗಳನ್ನೂ ಒಬ್ಬರೇ ತುಂಬಿದರು. ಆ ಹಾಡು ಅಮೆರಿಕದ ಹಾಡುಗಳ ಪಟ್ಟಿಗೆ ನೇರವಾಗಿ ಮೊದಲ ಸ್ಥಾನದಲ್ಲಿಯೇ ಪ್ರವೇಶಿಸಿತು.

ಹಾಗೆಯೇ, ಅವರೇನೂ ಬರಿಗಾಡಿನಲ್ಲಿ ಮೊಳೆತವರಲ್ಲ. 1988ರಲ್ಲಿ ಎಂಸಿ ಲೈಟ್, ಮರುವರ್ಷ ಕ್ವೀನ್ ಲತೀಫಾ ತಮ್ಮದೇ ಹೆಸರಿನಲ್ಲಿ ಪೂರ್ಣ ಆಲ್ಬಮ್‌ಗಳನ್ನು ತಂದಿದ್ದರು. 1997ರಲ್ಲಿ ಮಿಸ್ಸಿ ಎಲಿಯಟ್ ಬಂದಿದ್ದರು. ಮೊದಲಿಗಳು ಎಂಬ ಪಟ್ಟವನ್ನು ಲಾರಿನ್ ಅವರಿಗೆ ಕಟ್ಟುವವರು ಈ ಮೂವರನ್ನು ಮರೆಯುತ್ತಾರೆ.

ಹಾಸ್ಟೆಲ್ ಕಿಟಕಿ (ಪೊನ್ನಂಪೇಟೆ):

ನಾನು ಹುಟ್ಟಿದ್ದೇ ಈ ಆಲ್ಬಮ್ ಬಂದು ಏಳು ವರ್ಷಗಳ ನಂತರ, ಆದ್ದರಿಂದ ನನಗೆ ಒಣಮೀನಿನ ನೆನಪಿಲ್ಲ. ನೀವು ಬರೆದದ್ದನ್ನು ಓದಿ ನಿನ್ನೆ ರಾತ್ರಿ ಮೊಬೈಲಿನಲ್ಲಿ ಪೂರ್ತಿ ಕೇಳಿದೆ. ಹಿರಿಯರು ಬೇಸರಿಸಬಾರದು, ನನಗೆ ಎರಡು ಆಕ್ಷೇಪಗಳಿವೆ.

ಮೊದಲನೆಯದು ಹಾಡುಗಳ ನಡುವೆ ಬರುವ ತರಗತಿಯ ಮಾತುಕತೆ. ಶಾಲೆಯ ಗಂಟೆ ಬಾರಿಸುತ್ತದೆ, ಮೇಷ್ಟ್ರು ಹಾಜರಿ ಕರೆಯುತ್ತಾರೆ, ಲಾರಿನ್ ಹಿಲ್ ಎಂದಾಗ ಉತ್ತರ ಬರುವುದಿಲ್ಲ. ಅಷ್ಟರ ಮಟ್ಟಿಗೆ ಚೆನ್ನಾಗಿದೆ. ಆದರೆ ಆಮೇಲೆ ಮಕ್ಕಳು ಪ್ರೀತಿ ಎಂದರೇನೆಂದು ಚರ್ಚಿಸುವುದು ಮತ್ತೆ ಮತ್ತೆ ಬಂದು ಹಾಡಿನ ಓಟವನ್ನು ಕಡಿಯುತ್ತದೆ. ಎರಡನೆಯ ಸಲ ಕೇಳುವಾಗ ನಾನು ಅವನ್ನೆಲ್ಲ ದಾಟಿಸಿಬಿಟ್ಟೆ.

ಎರಡನೆಯದು ಸ್ವಲ್ಪ ಗಂಭೀರವಾದದ್ದು. 'ಡೂ ವಾಪ್' ಹಾಡಿನಲ್ಲಿ ಹೆಂಗಸರಿಗೆ ಮೊದಲು ಬುದ್ಧಿ ಹೇಳಿ, ಆನಂತರ ಗಂಡಸರಿಗೆ ಹೇಳುತ್ತಾರೆ. ಉಡುಪಿನ ಬಗ್ಗೆ, ಕೂದಲಿನ ಬಗ್ಗೆ, ಯಾರ ಜೊತೆ ಹೋಗುತ್ತೀರಿ ಎಂಬುದರ ಬಗ್ಗೆ ಅಲ್ಲಿರುವ ಎಚ್ಚರಿಕೆಗಳು ನಮ್ಮ ವಾರ್ಡನ್ ಮೇಡಂ ಸಭೆ ಕರೆದು ಹೇಳುವ ಮಾತುಗಳಿಗಿಂತ ಬಹಳ ದೂರವೇನಿಲ್ಲ. ಅಂದಿನ ವಿಮರ್ಶಕರು ಇದನ್ನು ಘನತೆ ಎಂದು ಮೆಚ್ಚಿದರು. ಎರಡೇ ವರ್ಷ ಹಿಂದೆ, 1996ರಲ್ಲಿ, ಲಿಲ್ ಕಿಮ್ ಮತ್ತು ಫಾಕ್ಸಿ ಬ್ರೌನ್ ಮೈಮಾಟವನ್ನು ಮುಚ್ಚುಮರೆಯಿಲ್ಲದೆ ಮಾತಾಗಿಸಿದ್ದರು. ಆ ಇಬ್ಬರನ್ನು ತಳ್ಳಿಹಾಕಲು ಲಾರಿನ್ ಅವರನ್ನು ಕೋಲಿನಂತೆ ಬಳಸಲಾಯಿತು ಎಂಬುದು ನನ್ನ ಅನಿಸಿಕೆ. 2019ರಲ್ಲಿ ಕಾರ್ಡಿ ಬಿ ಅತ್ಯುತ್ತಮ ರ‍್ಯಾಪ್ ಆಲ್ಬಮ್ ಗ್ರ್ಯಾಮಿಯನ್ನು ಪಡೆದಾಗಲೂ, ಒಂಟಿಯಾಗಿ ಅದನ್ನು ಗೆದ್ದ ಮೊದಲ ಹೆಣ್ಣು ಎಂಬ ಸಂತೋಷದ ಹಿಂದೆಯೇ, ಲಾರಿನ್ ಆಗಿದ್ದರೆ ಹೀಗೆ ಹಾಡುತ್ತಿರಲಿಲ್ಲ ಎಂಬ ರಾಗ ಕೇಳಿಬಂತು. ಒಬ್ಬ ಹೆಣ್ಣಿನ ಗೆಲುವನ್ನು ಇನ್ನೊಬ್ಬಳ ಅಳತೆಗೋಲಾಗಿ ಇಟ್ಟುಕೊಳ್ಳುವ ಈ ಪದ್ಧತಿ ಸಾಕಾಗಿದೆ.

ತೋಟದಮನೆ (ಸುಂಟಿಕೊಪ್ಪ):

ತಂಗಿ, ಬೇಸರವೇನೂ ಇಲ್ಲ. ನಿನ್ನ ಎರಡನೆಯ ಆಕ್ಷೇಪವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಬುದ್ಧಿ ಹೇಳುವವರ ಆಗಿನ ಸ್ಥಿತಿಯನ್ನೂ ನೋಡಬೇಕು. 1997ರ ಆಗಸ್ಟ್‌ನಲ್ಲಿ ಅವರಿಗೆ ಮೊದಲ ಮಗು ಹುಟ್ಟಿತು. ಮಗುವಿನ ತಂದೆ ಜಮೈಕಾದ ಹೆಸರಾಂತ ಗಾಯಕ ಬಾಬ್ ಮಾರ್ಲಿ ಅವರ ಮಗ ರೋಹನ್ ಮಾರ್ಲಿ. ವೃತ್ತಿ ಏರುತ್ತಿರುವಾಗ ಮಗು ಬೇಡವೆಂದು ಸುತ್ತಲಿನವರು ಹೇಳಿದರಂತೆ. ಆ ಸಂಕಟವನ್ನೇ ಅವರು 'ಟು ಜಯಾನ್' ಎಂಬ ಹಾಡಾಗಿ ಮಾಡಿದರು, ಕಾರ್ಲೋಸ್ ಸಂತಾನ ಅದಕ್ಕೆ ಗಿಟಾರ್ ನುಡಿಸಿದ್ದಾರೆ. ಬಸುರಿನ ಬಗ್ಗೆ, ಆ ನಿರ್ಧಾರದ ಬಗ್ಗೆ ರ‍್ಯಾಪ್ ಲೋಕದ ಮಧ್ಯದಲ್ಲಿ ನಿಂತು ಒಬ್ಬಳು ಆರು ನಿಮಿಷ ಹಾಡುತ್ತಾಳೆ ಎಂಬುದು 1998ರಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ನನ್ನ ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೂ ಆ ಒಂದು ಹಾಡು ಬಂದಾಗ ಅವರು ಕಾಫಿ ಬೀಜ ಆಯುವುದನ್ನು ನಿಲ್ಲಿಸಿ, ಇದು ಜೋಗುಳ ತಾನೇ ಎಂದು ಕೇಳಿದ್ದರು.

ತರಗತಿಯ ಮಾತುಕತೆಯ ಬಗ್ಗೆ ಒಂದು ಮಾಹಿತಿ. ಅಲ್ಲಿ ಮೇಷ್ಟ್ರಾಗಿ ಮಾತನಾಡುವವರು ರಾಸ್ ಬರಾಕ. ಆಗ ಅವರು ನಿಜವಾಗಿಯೂ ಶಿಕ್ಷಕರಾಗಿದ್ದರು. 2014ರಲ್ಲಿ ನ್ಯೂಜೆರ್ಸಿಯ ನೆವಾರ್ಕ್ ನಗರದ ಮೇಯರ್ ಆದರು. ಮಕ್ಕಳನ್ನು ಕೂರಿಸಿಕೊಂಡು ಲಾರಿನ್ ಅವರ ಮನೆಯಲ್ಲಿಯೇ ಆ ಮಾತುಗಳನ್ನು ಮುದ್ರಿಸಿಕೊಂಡರು. ಆಲ್ಬಮ್ಮಿನ ಹೆಸರು ಬಂದದ್ದು ಕಾರ್ಟರ್ ವುಡ್‌ಸನ್ ಅವರು 1933ರಲ್ಲಿ ಬರೆದ, ಕಪ್ಪು ಜನರಿಗೆ ಕೊಟ್ಟ ತಪ್ಪು ಶಿಕ್ಷಣದ ಕುರಿತ ಪುಸ್ತಕದ ಹೆಸರಿನಿಂದ. ಶಾಲೆಗೆ ಬಾರದ ಹುಡುಗಿಯೊಬ್ಬಳು ಹೊರಗೆ ಏನು ಕಲಿತಳು ಎಂಬುದೇ ಉಳಿದ ಹಾಡುಗಳೆಲ್ಲ. ಆದ್ದರಿಂದ ಆ ತುಣುಕುಗಳನ್ನು ದಾಟಿಸಿದರೆ ಕಟ್ಟಡದ ಮೆಟ್ಟಿಲನ್ನೇ ಬಿಟ್ಟ ಹಾಗೆ. ಮೆಟ್ಟಿಲು ತುಸು ಉದ್ದವಾಯಿತು ಎಂದರೆ ಅದನ್ನೂ ಒಪ್ಪುತ್ತೇನೆ.

ಕಡತ (ವಿರಾಜಪೇಟೆ):

ಮೂಲಪ್ರಶ್ನೆ ಹಕ್ಕಿನದ್ದಾದ್ದರಿಂದ ವಕೀಲಿ ವೃತ್ತಿಯವನಾಗಿ ಎರಡು ಮಾತು. ಆಲ್ಬಮ್ಮಿನ ಒಳಹಾಳೆಯಲ್ಲಿ ರಚನೆ, ನಿರ್ಮಾಣ, ಸಂಯೋಜನೆ, ಗಾಯನ ಎಲ್ಲವೂ ಲಾರಿನ್ ಹಿಲ್ ಅವರದೆಂದು ಮುಖ್ಯವಾಗಿ ನಮೂದಿಸಿ, ಉಳಿದವರಲ್ಲಿ ಕೆಲವರನ್ನು 'ಹೆಚ್ಚುವರಿ' ಕೊಡುಗೆ ನೀಡಿದವರೆಂದು ತೋರಿಸಲಾಗಿತ್ತು. ವ್ಯಾಜ್ಯವೆಲ್ಲ ಆ ಹೆಚ್ಚುವರಿ ಎಂಬ ಪದದ ಮೇಲೆಯೇ ನಿಂತಿತ್ತು. ಎರಡು ಹಾಡುಗಳಲ್ಲಿ ತಾವೇ ಮುಖ್ಯ ರಚನಕಾರರೆಂದೂ, ಇನ್ನೂ ಹಲವು ಹಾಡುಗಳಲ್ಲಿ ದೊಡ್ಡ ಪಾಲು ತಮ್ಮದೆಂದೂ ನ್ಯೂ ಆರ್ಕ್ ತಂಡದವರು ವಾದಿಸಿದರು. ಪಾತ್ರಗಳನ್ನು ಗೊತ್ತುಪಡಿಸುವ ಲಿಖಿತ ಕರಾರು ಮೊದಲೇ ಆಗಿರಲಿಲ್ಲ. ಎಲ್ಲರೂ ಸ್ನೇಹಿತರು, ಕಾಗದವೇಕೆ ಎಂಬ ಭಾವನೆ ಆಗ ಅಲ್ಲಿತ್ತು ಎಂದು ವರದಿಗಳಿವೆ. ಮೆಣಸು ಕುಯ್ಯುವ ಗುತ್ತಿಗೆಯಿಂದ ಹಿಡಿದು ಅಣ್ಣತಮ್ಮಂದಿರ ಪಾಲಿನವರೆಗೆ ಈ ಒಂದು ಭಾವನೆಯೇ ನನ್ನಂಥವರ ಅನ್ನಕ್ಕೆ ದಾರಿಯಾಗಿದೆ ಎಂಬುದನ್ನು ಮರೆಮಾಚುವುದಿಲ್ಲ.

ರಾಜಿಯಾದ ಮೊಕದ್ದಮೆಯಲ್ಲಿ ನ್ಯಾಯಾಧೀಶರ ತೀರ್ಪು ಇರುವುದಿಲ್ಲ. ಆದ್ದರಿಂದ ಅವರು ಕದ್ದರು ಎಂದು ಹೇಳುವವರಿಗೂ, ಏನೂ ಕದಿಯಲಿಲ್ಲ ಎಂದು ಸಾಬೀತಾಯಿತು ಎನ್ನುವವರಿಗೂ ಕಡತದಲ್ಲಿ ಆಧಾರವಿಲ್ಲ. ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದ ಮೇಲೆ ಸಿನಿಮಾ ಹಾಡಿನ ಸಾಹಿತಿಗೂ ಸಂಗೀತ ಸಂಯೋಜಕನಿಗೂ ಗೌರವಧನದ ಪಾಲನ್ನು ಬರೆದುಕೊಟ್ಟು ಕಳೆದುಕೊಳ್ಳದಂತಹ ರಕ್ಷಣೆ ಬಂದಿದೆ. ಆದರೆ ಸ್ಟುಡಿಯೋದಲ್ಲಿ ಕುಳಿತು ಒಂದು ತಾಳದ ಎಳೆಯನ್ನು ಹುಡುಕಿಕೊಟ್ಟವನು ಸಂಯೋಜಕನೇ, ಕೂಲಿಯವನೇ ಎಂಬ ಪ್ರಶ್ನೆಗೆ ಕಾಯ್ದೆ ತಾನಾಗಿ ಉತ್ತರ ಹೇಳುವುದಿಲ್ಲ, ಕಾಗದ ಹೇಳಬೇಕು.

ದುಡಿ (ನಾಪೋಕ್ಲು):

ರ‍್ಯಾಪ್ ನನಗೆ ಅಷ್ಟಾಗಿ ತಿಳಿಯದು. ನಾನು ಕೊಡವರ ಜನಪದ ಹಾಡಾದ ಬಾಳೋಪಾಟ್ ಹಾಡುವವನು. ಮಗಳು ಈ ಚರ್ಚೆಯನ್ನು ತೋರಿಸಿದ್ದರಿಂದ ಕೆಲವು ಹಾಡುಗಳನ್ನು ಕೇಳಿ ಬರೆಯುತ್ತಿದ್ದೇನೆ.

ಹೊರಗಿನ ಓದುಗರಿಗಾಗಿ ಹೇಳುವುದಾದರೆ, ನಾವು ನಾಲ್ವರು ಕೈಯಲ್ಲಿ ದುಡಿ ಎಂಬ ಸಣ್ಣ ಚರ್ಮವಾದ್ಯ ಹಿಡಿದು ನಿಲ್ಲುತ್ತೇವೆ. ಇಬ್ಬರು ಒಂದು ಸಾಲನ್ನು ಎತ್ತಿಕೊಟ್ಟರೆ ಉಳಿದಿಬ್ಬರು ಅದನ್ನು ಹಿಡಿದು ನಡೆಸುತ್ತಾರೆ. ಪುತ್ತರಿ ಎಂಬ ಸುಗ್ಗಿಹಬ್ಬದ ದಿನಗಳಲ್ಲಿ ಮನೆಮನೆಗೆ ಹೋಗಿ ಆ ಮನೆಯವರನ್ನು, ಅವರ ಒಕ್ಕದ (ಕುಲದ) ಹಿರಿಯರನ್ನು ಹಾಡಿ ಹೊಗಳುವಾಗ ಹಳೆಯ ಸಾಲುಗಳೊಂದಿಗೆ ಅಲ್ಲಿಯೇ ಕಟ್ಟಿದ ಸಾಲುಗಳೂ ಸೇರುತ್ತವೆ. ಮನೆಯ ಮಗ ಸೈನ್ಯದಿಂದ ರಜೆಗೆ ಬಂದಿದ್ದರೆ ಅವನ ಹೆಸರೂ ಹಾಡಿನೊಳಗೆ ಬರುತ್ತದೆ. ಆ ಸಾಲನ್ನು ನಾನು ಕಟ್ಟಿದೆನೇ, ಎದುರಿನವನು ಕಟ್ಟಿದನೇ ಎಂದು ಕೇಳಿದರೆ ನಮ್ಮಲ್ಲಿ ಯಾರೂ ಹೇಳಲಾರೆವು. ನಾನು ಅರ್ಧ ಸಾಲು ಎತ್ತುತ್ತೇನೆ, ಅವನ ದುಡಿಯ ಪೆಟ್ಟು ಉಳಿದರ್ಧವನ್ನು ಎಳೆದುಕೊಂಡು ಬರುತ್ತದೆ.

ಹಾಗಾಗಿ ನಾಲ್ವರು ಕೂಡಿ ಕಟ್ಟಿದ್ದಕ್ಕೆ ಒಬ್ಬರ ಹೆಸರು ಇಟ್ಟರು ಎಂದಾಗ ನನ್ನ ಮನಸ್ಸು ಸಹಜವಾಗಿ ಆ ನಾಲ್ವರ ಕಡೆಗೆ ವಾಲುತ್ತದೆ. ಆದರೆ ಇನ್ನೊಂದು ಮಾತೂ ಇದೆ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು 'ಪಟ್ಟೋಲೆ ಪಳಮೆ' ಎಂಬ ಕೊಡವ ಜನಪದ ಸಂಗ್ರಹವನ್ನು ಅಚ್ಚು ಹಾಕಿಸಿದರು. ಅದರಲ್ಲಿರುವ ಹಾಡುಗಳು ನಾಡಿನವು, ಪುಸ್ತಕದ ಮೇಲಿನ ಹೆಸರು ಅವರದು. ಅದಕ್ಕಾಗಿ ಅವರನ್ನು ಯಾರೂ ದೂರಲಿಲ್ಲ. ಅವರು ಹಾಡುಗಳು ತಮ್ಮವೆಂದು ಹೇಳಲಿಲ್ಲ, ಕೂಡಿಸಿದ ಕೆಲಸ ತಮ್ಮದೆಂದು ಹೇಳಿದರು. ಕೂಡಿಸುವುದೂ ಒಂದು ಕೆಲಸವೇ, ಅದು ನಾಲ್ವರು ನಿಂತು ಹಾಡುವಷ್ಟೇ ಬೆವರು ಬೇಡುತ್ತದೆ. ಲಾರಿನ್ ಅವರು ಮಾಡಿದ್ದು ಕೂಡಿಸುವ ಕೆಲಸವೇ, ಕಟ್ಟುವ ಕೆಲಸವೇ, ಎರಡೂವೇ ಎಂಬುದನ್ನು ತಿಳಿದವರು ಹೇಳಬೇಕು.

ಹಳೇಕ್ಯಾಸೆಟ್ (ಮಡಿಕೇರಿ):

ಎರಡೂ ಎಂದು ನನ್ನ ಉತ್ತರ, ಕಾರಣವನ್ನು ಹೇಳುತ್ತೇನೆ. ಆ ಕಾಲದ ರ‍್ಯಾಪ್ ಆಲ್ಬಮ್‌ಗಳು ಹೆಚ್ಚಾಗಿ ಹಳೆಯ ಹಾಡುಗಳ ತುಣುಕುಗಳನ್ನು ಕತ್ತರಿಸಿ, ಸುತ್ತಿಸಿ ತಾಳ ಕಟ್ಟುತ್ತಿದ್ದವು. ಇಲ್ಲಿಯೂ ಅಂತಹ ತುಣುಕುಗಳಿವೆ. ಆದರೆ ಲಾರಿನ್ ಹಟ ಹಿಡಿದು ಜೀವಂತ ವಾದ್ಯಗಳನ್ನು ತರಿಸಿದರು: ತಂತಿವಾದ್ಯಗಳು, ಹಾರ್ಪ್, ಊದುವ ವಾದ್ಯಗಳು. ದನಿಮುದ್ರಣದ ಎಂಜಿನಿಯರ್ ಆಗಿದ್ದ ಗಾರ್ಡನ್ ವಿಲಿಯಮ್ಸ್ ಅವರೇ ಆ ಆಲ್ಬಮ್ಮಿನ ಕಲ್ಪನೆ ನಿಸ್ಸಂಶಯವಾಗಿ ಅವಳದೇ ಎಂದು ಹೇಳಿದ್ದಾರೆ. ನ್ಯೂಯಾರ್ಕಿನಲ್ಲಿ ಒಂದಿಷ್ಟು ಕೆಲಸ ನಡೆಯಿತು. ಉಳಿದದ್ದು ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ, ಬಾಬ್ ಮಾರ್ಲಿ ಸ್ಥಾಪಿಸಿದ ಟಫ್ ಗಾಂಗ್ ಸ್ಟುಡಿಯೋದಲ್ಲಿ.

ಕಾಣದೆ ಹೋದ ಕೈಗಳಿಗೆ ಒಂದು ಸೊಗಸಾದ ಉದಾಹರಣೆಯಿದೆ. 'ಎವೆರಿಥಿಂಗ್ ಈಸ್ ಎವೆರಿಥಿಂಗ್' ಹಾಡಿನಲ್ಲಿ ಪಿಯಾನೋ ನುಡಿಸಿದವನು ಹತ್ತೊಂಬತ್ತು ವರ್ಷದ ಒಬ್ಬ ಕಾಲೇಜು ಹುಡುಗ. ಒಳಹಾಳೆಯಲ್ಲಿ ಅವನ ಹೆಸರು ಜಾನ್ ಸ್ಟೀವನ್ಸ್. ಆಗ ಯಾರೂ ಆ ಹೆಸರಿನ ಮೇಲೆ ಕಣ್ಣು ನಿಲ್ಲಿಸಲಿಲ್ಲ. ಅವನೇ ಮುಂದೆ ಹೆಸರಾಂತ ಗಾಯಕ ಜಾನ್ ಲೆಜೆಂಡ್ ಆದದ್ದು. ಒಳಹಾಳೆಯಲ್ಲಿ ಹೆಸರು ಇದ್ದುದರಿಂದಲೇ ಇಂದು ಬೆರಳಿಟ್ಟು ತೋರಿಸಲು ಸಾಧ್ಯವಾಗಿದೆ ಎಂಬುದನ್ನೂ ಗಮನಿಸಬೇಕು.

ಸಂಪಾಜೆ ಘಾಟಿ (ಸಂಪಾಜೆ):

ನಡುವೆ ಒಂದು ಸಣ್ಣ ಪ್ರಶ್ನೆ. ತೆರಿಗೆ ಕಟ್ಟದೆ 2013ರಲ್ಲಿ ಮೂರು ತಿಂಗಳು ಸೆರೆಮನೆಯಲ್ಲಿದ್ದವರು ಇವರೇ ಅಲ್ಲವೇ? ಕಾರ್ಯಕ್ರಮಗಳಿಗೆ ಗಂಟೆಗಟ್ಟಲೆ ತಡವಾಗಿ ಬರುತ್ತಾರೆ ಎಂದೂ ಕೇಳಿದ್ದೇನೆ. ಇದನ್ನೆಲ್ಲ ಬದಿಗಿಟ್ಟು ಆಲ್ಬಮ್ಮನ್ನು ಮಾತ್ರ ತೂಗಲು ಆಗುತ್ತದೆಯೇ?

ಇನ್ನೊಂದು, 'ಲಾಸ್ಟ್ ಒನ್ಸ್' ಹಾಡಿನಲ್ಲಿ ಅವರ ಇಂಗ್ಲಿಷ್ ಇದ್ದಕ್ಕಿದ್ದಂತೆ ಜಮೈಕಾದ ಆಡುಮಾತಿಗೆ ಹೊರಳುತ್ತದೆ. ಕೇಳಿ ನನಗೆ ನಗು ಬಂತು. ಬಸ್ಸಿನಲ್ಲಿ ಕನ್ನಡ ಮಾತನಾಡುತ್ತಿದ್ದ ನನ್ನ ಅತ್ತೆ ಸಿಟ್ಟು ಬಂದ ಕೂಡಲೇ ಅರೆಭಾಷೆಗೆ ಹೊರಳುವುದು ನೆನಪಾಯಿತು. ಬಯ್ಯುವುದಕ್ಕೆ ಮನೆಮಾತೇ ಬೇಕು. ಆದರೆ ಅವರು ಅಮೆರಿಕದಲ್ಲಿ ಬೆಳೆದವರು, ಆ ಆಡುಮಾತು ಅವರ ಮನೆಯದಲ್ಲವಲ್ಲ?

ತೋಟದಮನೆ (ಸುಂಟಿಕೊಪ್ಪ):

ಅಣ್ಣ, ಹೌದು, ಅವರೇ. ಆದರೆ ಅದು 1998ರ ಹಾಡಿನ ತೂಕವನ್ನು ಹೆಚ್ಚಿಸುವುದಿಲ್ಲ, ತಗ್ಗಿಸುವುದೂ ಇಲ್ಲ. ಇಲ್ಲಿ ಅದನ್ನು ಮುಂದುವರಿಸುವುದು ಬೇಡ. ಆಡುಮಾತಿನ ಪ್ರಶ್ನೆ ಚೆನ್ನಾಗಿದೆ. ಆ ಹಾಡು ಫ್ಯೂಜೀಸ್ ತಂಡದ ಹಳೆಯ ಜೊತೆಗಾರ ವೈಕ್ಲೆಫ್ ಜಾನ್ ಅವರನ್ನು ಕುರಿತದ್ದು ಎಂದು ಎಲ್ಲರೂ ತಿಳಿಯುತ್ತಾರೆ. ಹಾಡಿನ ಕೆಲಸವಾದದ್ದೂ ಜಮೈಕಾದಲ್ಲಿ. ಮನೆಮಾತಲ್ಲದಿದ್ದರೂ ಹೋದ ಊರಿನ ಮಾತಿನ ಏಟು ಅವರ ಬಾಯಿಗೆ ಹತ್ತಿತ್ತು. ಹಿಪ್‌ಹಾಪ್ ಹುಟ್ಟಿದ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಅದಕ್ಕೆ ಮೊದಲ ಹಾಸುಗಲ್ಲು ಹಾಕಿದವರಲ್ಲಿ ಒಬ್ಬರಾದ ಡಿಜೆ ಕೂಲ್ ಹರ್ಕ್ ಕೂಡ ಜಮೈಕಾದಿಂದ ಬಂದವರೇ. ಹಾಗಾಗಿ ಅದು ತೀರ ಸಾಲದ ಮಾತೂ ಅಲ್ಲ.

ಉಳಿಪೆಟ್ಟಿಗೆ (ಮೂರ್ನಾಡು):

ಇಷ್ಟು ದಿನ ಓದುತ್ತಿದ್ದೆ, ಇಂದು ಬರೆಯಬೇಕೆನಿಸಿತು. ಸ್ವಲ್ಪ ಹುಡುಕಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. 2018ರಲ್ಲಿ ರಾಬರ್ಟ್ ಗ್ಲಾಸ್ಪರ್ ಎಂಬ ಪಿಯಾನೋ ವಾದಕರು, ಹಿಂದೊಮ್ಮೆ ಲಾರಿನ್ ಅವರ ತಂಡದಲ್ಲಿ ನುಡಿಸಿದವರು, ರೇಡಿಯೋ ಒಂದರಲ್ಲಿ ಅವರ ಮೇಲೆ ಇದೇ ಹಳೆಯ ಆರೋಪವನ್ನು ಕಟುವಾಗಿ ಮಾಡಿದರು. ಲಾರಿನ್ ಸುದೀರ್ಘ ಬರಹದ ಮೂಲಕ ಉತ್ತರಿಸಿದರು. ಅದರಲ್ಲಿ ಅವರು ತಮ್ಮನ್ನು ಕಟ್ಟಡದ ನಕ್ಷೆ ಮಾಡುವವರಿಗೂ, ವಾದಕರನ್ನು ತಾವು ಕರೆಸಿದ ನುರಿತ ಕಟ್ಟಾಳುಗಳಿಗೂ ಹೋಲಿಸಿದ್ದಾರೆ. ತಮ್ಮನ್ನು ಬಿಟ್ಟು ಯಾವ ನಿರ್ಧಾರವೂ ಆಗುವುದಿಲ್ಲ ಎಂಬುದು ಅವರ ಮಾತಿನ ಸಾರ.

ಆ ಹೋಲಿಕೆ ನನಗೆ ಚುಚ್ಚಿತು, ಏಕೆಂದರೆ ನನ್ನ ಅಜ್ಜ ಮರಗೆಲಸದವರು. ಈ ಭಾಗದ ಎರಡು ಐನ್‌ಮನೆಗಳ (ಒಕ್ಕದ ಮೂಲಮನೆಗಳ) ಕಂಬ ಮತ್ತು ಬಾಗಿಲ ಚೌಕಟ್ಟುಗಳಲ್ಲಿ ಅವರ ಕೆತ್ತನೆಯಿದೆ. ಮನೆಗಳು ಒಕ್ಕದ ಹೆಸರಿನಲ್ಲಿವೆ, ಅದು ಸರಿಯಾದದ್ದೇ. ಆ ಮನೆಯಲ್ಲಿ ಹುಟ್ಟಿದವರು, ಸತ್ತವರು, ಒಕ್ಕದ ಮೂಲಪುರುಷ ಗುರುಕಾರೋಣನಿಗೆ ನಡೆದುಕೊಳ್ಳುವವರು ಅವರು. ನಕ್ಷೆಯೂ ಅವರ ಹಿರಿಯರ ಮಾತಿನಂತೆಯೇ ಆದದ್ದು. ಆದರೆ ಪ್ರವಾಸಿಗಳು ಬಂದು ಕಂಬ ಸವರಿ, ಯಾರು ಮಾಡಿದ್ದು ಎಂದು ಕೇಳಿದಾಗ ಮನೆಯವರ ಬಳಿ ಉತ್ತರವಿರಲಿಲ್ಲ. ನನ್ನ ತಂದೆ ಒಮ್ಮೆ ಅಲ್ಲಿ ಮದುವೆಗೆ ಹೋದವರು ಬಾಗಿಲ ಚೌಕಟ್ಟಿನ ಒಳಬದಿಗೆ ಬಗ್ಗಿ ನೋಡಿ, ಹೆಬ್ಬೆರಳಿನಷ್ಟು ಗಾತ್ರದ ಒಂದು ಗಿಳಿಯನ್ನು ನನಗೆ ತೋರಿಸಿದರು. ಅದು ವಿನ್ಯಾಸದ ಭಾಗವಲ್ಲ. ಅದರ ಜೋಡಿ ಇನ್ನೊಂದು ಬದಿಯಲ್ಲಿ ಇಲ್ಲ. ಅಜ್ಜ ತಮ್ಮ ಪಾಡಿಗೆ ತಾವು ಕೂರಿಸಿ ಹೋದದ್ದು.

ನಕ್ಷೆ ಮಾಡಿದವಳಿಗೆ ಹೆಸರು ಇರಲಿ, ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಕಟ್ಟಾಳು ಎಂದು ಕರೆದ ಮಾತ್ರಕ್ಕೆ ಕೈಯವನು ಕೇವಲ ಹೇಳಿದ್ದನ್ನು ಮಾಡಿದನು ಎಂದಾಗುವುದಿಲ್ಲ. ಉಳಿ ಮರಕ್ಕೆ ಇಳಿದ ಮೇಲೆ ಮರದ ಎಳೆ ಎಲ್ಲಿ ತಿರುಗುತ್ತದೆ ಎಂಬುದನ್ನು ನಕ್ಷೆ ಹೇಳುವುದಿಲ್ಲ.

ಹಾಸ್ಟೆಲ್ ಕಿಟಕಿ (ಪೊನ್ನಂಪೇಟೆ):

ಗಿಳಿಯ ಮಾತು ಓದಿ ಬಹಳ ಹೊತ್ತು ಸುಮ್ಮನಿದ್ದೆ. ಆದರೂ ಒಂದನ್ನು ಕೇಳಲೇಬೇಕು. ಗಂಡಸರ ರ‍್ಯಾಪ್ ಆಲ್ಬಮ್‌ಗಳಲ್ಲಿಯೂ ತಾಳ ಕಟ್ಟುವವರು, ವಾದಕರು, ಕೆಲವೊಮ್ಮೆ ಸಾಲು ಬರೆದುಕೊಡುವವರು ಇರುತ್ತಾರೆ. ಅವರ ಆಲ್ಬಮ್ಮಿನ ಬಗ್ಗೆ ಬರೆಯುವಾಗ ಇದು ನಿಜವಾಗಿಯೂ ಇವನದೇ ಎಂಬ ಪ್ರಶ್ನೆ ಇಪ್ಪತ್ತೈದು ವರ್ಷ ಬೆನ್ನು ಹತ್ತುವುದಿಲ್ಲ. ನ್ಯೂ ಆರ್ಕ್ ತಂಡದ ದೂರು ನ್ಯಾಯವಾದದ್ದೇ ಇರಬಹುದು. ಆದರೆ ಆ ದೂರನ್ನು ಇಷ್ಟು ಕಾಲ ಬದುಕಿಸಿದ್ದು ದೂರು ಕೊಟ್ಟವರಲ್ಲ, ಕೇಳುಗರು. ಹುಡುಗಿಯೊಬ್ಬಳು ತಾನೇ ಬರೆದು, ತಾನೇ ನಿರ್ಮಿಸಿ, ತಾನೇ ಹಾಡಿದಳು ಎಂದರೆ ನಂಬಲು ಕಷ್ಟವಾಗುತ್ತದೆ, ಹಿಂದೆ ಯಾರೋ ಅಣ್ಣ ಇದ್ದಿರಬೇಕು ಎನ್ನುತ್ತಾರೆ. ಕಾಲೇಜಿನ ಪ್ರಾಜೆಕ್ಟಿನಲ್ಲಿ ನಮಗೂ ಇದು ಆಗುತ್ತದೆ.

ಕಡತ (ವಿರಾಜಪೇಟೆ):

ಮಗಳೇ, ನಿಮ್ಮ ಮಾತು ಸರಿ, ಉಳಿಪೆಟ್ಟಿಗೆಯವರ ಮಾತೂ ಸರಿ. ಒಂದರಿಂದ ಇನ್ನೊಂದು ಬಿದ್ದುಹೋಗುವುದಿಲ್ಲ. ನ್ಯಾಯಾಲಯದಲ್ಲಿ ಎರಡೂ ಪಕ್ಷಗಳು ನಿಜ ಹೇಳುತ್ತಿರುವ ಮೊಕದ್ದಮೆಗಳೇ ಅತಿ ಕಷ್ಟದವು.

ಹಳೇಕ್ಯಾಸೆಟ್ (ಮಡಿಕೇರಿ):

ಜನರ ಮತ್ತು ವಿಮರ್ಶಕರ ಎಣಿಕೆ ಹೇಗೆ ಬದಲಾಯಿತು ಎಂಬುದನ್ನು ಇಲ್ಲಿಯೇ ದಾಖಲಿಸುತ್ತೇನೆ. ಬಂದ ಹೊಸದರಲ್ಲಿ ಮೆಚ್ಚುಗೆ ಧಾರಾಳವಾಗಿತ್ತು. 1999ರ ಫೆಬ್ರವರಿಯಲ್ಲಿ ಟೈಮ್ ಪತ್ರಿಕೆ ಹಿಪ್‌ಹಾಪ್ ಕುರಿತ ಸಂಚಿಕೆಗೆ ಅವರನ್ನೇ ಮುಖಪುಟಕ್ಕೆ ಹಾಕಿತು. ಆಮೇಲೆ ಅವರು ಹಿಂದೆ ಸರಿದರು. 2002ರಲ್ಲಿ ಬಂದದ್ದು ಸ್ಟುಡಿಯೋ ಆಲ್ಬಮ್ ಅಲ್ಲ, ಗಿಟಾರ್ ಹಿಡಿದು ಒಬ್ಬರೇ ಸಭೆಯ ಮುಂದೆ ಹಾಡಿ ಮಾತನಾಡಿದ ಧ್ವನಿಮುದ್ರಿಕೆ. ದನಿ ಒಡೆಯುತ್ತದೆ, ನಡುವೆ ಅಳುತ್ತಾರೆ. ಅದನ್ನು ಕೆಲವರು ಮೆಚ್ಚಿದರು, ಹಲವರು ತಬ್ಬಿಬ್ಬಾದರು. ಎರಡನೆಯ ಸ್ಟುಡಿಯೋ ಆಲ್ಬಮ್ ಬರಲೇ ಇಲ್ಲ. ತಕರಾರಿಗೆ ಅದೂ ಒಂದು ಗೊಬ್ಬರವಾಯಿತು: ಆ ನಾಲ್ವರಿಲ್ಲದೆ ಆಗಲಿಲ್ಲ ನೋಡಿ ಎಂದರು. ಇದು ನನಗೆ ಬಹಳ ದುರ್ಬಲವಾದ ವಾದವಾಗಿ ಕಾಣುತ್ತದೆ. ಒಂದು ವರ್ಷ ಗಿಡ ಮುರಿಯುವಷ್ಟು ಫಸಲು ಕೊಟ್ಟ ಕಾಫಿ ಮರು ವರ್ಷ ಬರಡಾದರೆ ಹೋದ ವರ್ಷದ ಫಸಲು ಪಕ್ಕದ ತೋಟದ್ದೆಂದು ಯಾರೂ ಹೇಳುವುದಿಲ್ಲ.

ರೋಲಿಂಗ್ ಸ್ಟೋನ್ ಪತ್ರಿಕೆಯ ಸಾರ್ವಕಾಲಿಕ 500 ಆಲ್ಬಮ್‌ಗಳ ಪಟ್ಟಿಯಲ್ಲಿ 2012ರಲ್ಲಿ ಇದಕ್ಕೆ 314ನೆಯ ಸ್ಥಾನವಿತ್ತು. 2020ರಲ್ಲಿ ಮತ ಹಾಕುವವರ ಬಳಗವನ್ನೇ ಹೊಸದಾಗಿ ಕಟ್ಟಿ ಪಟ್ಟಿ ಮಾಡಿದಾಗ 10ನೆಯ ಸ್ಥಾನಕ್ಕೆ ಬಂತು. ಅದೇ ಹಾಡುಗಳು, ಒಂದಕ್ಷರವೂ ಬದಲಾಗಿಲ್ಲ. ಬದಲಾದದ್ದು ಮತ ಹಾಕಿದವರು. 2015ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಕಾಪಿಡಬೇಕಾದ ದನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. 2021ರಲ್ಲಿ 1 ಕೋಟಿ ಪ್ರತಿಗಳ ಲೆಕ್ಕಕ್ಕೆ ವಜ್ರ ಮನ್ನಣೆ ದೊರೆಯಿತು, ಹೆಣ್ಣು ರ‍್ಯಾಪರ್ ಒಬ್ಬರ ಆಲ್ಬಮ್ಮಿಗೆ ಅದು ಮೊದಲನೆಯದು. 2024ರಲ್ಲಿ ಆಪಲ್ ಮ್ಯೂಸಿಕ್ ತನ್ನ ನೂರರ ಪಟ್ಟಿಯಲ್ಲಿ ಇದನ್ನು ಮೊದಲಿಗೇ ಇಟ್ಟಿತು. ಮೊದಲಿಗೆ ಇಡುವಷ್ಟು ಎಂದು ನನಗೆ ಅನಿಸುವುದಿಲ್ಲ, ಕೊನೆಯ ಕಾಲುಭಾಗ ಎಳೆಯುತ್ತದೆ. ಆದರೆ 314 ಎಂಬುದು ನಾಚಿಕೆಗೇಡಾಗಿತ್ತು.

ದುಡಿ (ನಾಪೋಕ್ಲು):

ನಿನ್ನೆ ಕರೆಂಟು ಹೋಗಿತ್ತು. ಮಗಳ ಮೊಬೈಲಿನಲ್ಲಿ ಚಾರ್ಜ್ ಉಳಿದಿದ್ದಷ್ಟು ಹೊತ್ತು 'ಎಕ್ಸ್ ಫ್ಯಾಕ್ಟರ್' ಹಾಡನ್ನು ಮೂರು ಸಲ ಕೇಳಿದೆ. ಮಾತು ನನಗೆ ಅಲ್ಲಲ್ಲಿ ಮಾತ್ರ ತಿಳಿಯಿತು. ಆದರೆ ಕೊನೆಯಲ್ಲಿ ಒಂದು ಸಾಲು ಎತ್ತುವುದು, ಅದನ್ನು ಹಿಂದಿನ ದನಿಗಳು ಹಿಡಿಯುವುದು, ಎತ್ತಿದವಳು ಅಷ್ಟರಲ್ಲಿ ಬೇರೆಡೆಗೆ ಹೋಗಿರುವುದು ನಮ್ಮ ಪದ್ಧತಿಗೆ ದೂರದ್ದಲ್ಲ. ವ್ಯತ್ಯಾಸವೆಂದರೆ ನಮ್ಮಲ್ಲಿ ಹಿಡಿಯುವವನು ಎದುರಿಗೆ ನಿಂತಿರುತ್ತಾನೆ, ತಪ್ಪಿದರೆ ಕಣ್ಣು ಬಿಟ್ಟು ನೋಡುತ್ತಾನೆ.

ಇನ್ನೊಂದನ್ನು ಒಪ್ಪಿಕೊಳ್ಳಬೇಕು. ಹಾಸ್ಟೆಲಿನ ಮಗಳು ಕೇಳಿದ ಪ್ರಶ್ನೆ ನನ್ನ ಮನೆಯೊಳಗೂ ಬಂತು. ನನ್ನ ಮಗಳಿಗೆ ದುಡಿ ಬಾರಿಸಲು ಬರುತ್ತದೆ, ಸಾಲೂ ಕಟ್ಟುತ್ತಾಳೆ, ಹೆಂಗಸರ ಕುಣಿತವಾದ ಉಮ್ಮತ್ತಾಟ್‌ನಲ್ಲಿ ಆಡುತ್ತಾಳೆ. ಆದರೆ ನಾಲ್ವರಲ್ಲಿ ಒಬ್ಬಳಾಗಿ ನಮ್ಮ ತಂಡದಲ್ಲಿ ಅವಳು ನಿಂತಿಲ್ಲ. ಹೋದ ವರ್ಷ ಒಂದು ಮದುವೆಯಲ್ಲಿ ನಾನು ಹಾಡಿದ ಎರಡು ಸಾಲುಗಳನ್ನು ಬಂದವರು ಬಹಳ ಮೆಚ್ಚಿದರು. ಅವು ಅವಳು ಕಟ್ಟಿದ ಸಾಲುಗಳು. ನಾನು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲಿಲ್ಲ ಎಂಬುದು ನಿಜ, ಆದರೂ ಹೇಳಬಹುದಿತ್ತು. ಇದನ್ನು ಟೈಪು ಮಾಡುತ್ತಿರುವವಳೂ ಅವಳೇ, ಈಗ ನಗುತ್ತಿದ್ದಾಳೆ.

ಉಳಿಪೆಟ್ಟಿಗೆ (ಮೂರ್ನಾಡು):

ಮಾವ, ಮುಂದಿನ ಪುತ್ತರಿಗೆ ನಮ್ಮ ಮನೆಗೆ ಬರುವಾಗ ಅವಳನ್ನೂ ಕರೆದುಕೊಂಡು ಬನ್ನಿ.

ಒಂದು ಚಿಕ್ಕ ಗಮನಿಕೆ. ಆಲ್ಬಮ್ಮಿನ ಮುಖಪುಟವನ್ನು ಹಿಗ್ಗಿಸಿ ನೋಡಿದೆ. ಅದು ಶಾಲೆಯ ಮರದ ಮೇಜಿನ ಮೇಲೆ ಲಾರಿನ್ ಅವರ ಮುಖವನ್ನು ಕೆತ್ತಿದ ಹಾಗಿರುವ ಚಿತ್ರ. ಮೇಲ್ಭಾಗದಲ್ಲಿ ಪೆನ್ಸಿಲ್ ಇಡುವ ತಗ್ಗಿದೆ. ಶಾಲೆಯಲ್ಲಿ ನಾವೆಲ್ಲ ಕೈವಾರದ ಮೊನೆಯಿಂದ ಮೇಜಿನ ಮೇಲೆ ಹೆಸರು ಕೊರೆದು ಪೆಟ್ಟು ತಿಂದವರೇ. ಅಷ್ಟು ನಯವಾದ ಮುಖ ಕೈವಾರದ ಮೊನೆಯಿಂದ ಆಗುವುದಿಲ್ಲ, ಅದಕ್ಕೆ ಪಳಗಿದ ಕೈ ಬೇಕು ಅಥವಾ ಕಂಪ್ಯೂಟರ್ ಬೇಕು.

ತೋಟದಮನೆ (ಸುಂಟಿಕೊಪ್ಪ):

ಎಲ್ಲರಿಗೂ ಧನ್ಯವಾದ. ಎಳೆ ಆರಂಭಿಸಿದಾಗ ನಾನು ಪೂರ್ತಿಯಾಗಿ ಲಾರಿನ್ ಅವರ ಪಕ್ಷದಲ್ಲಿದ್ದೆ ಎಂಬುದನ್ನು ಈಗ ಹೇಳಬಹುದು. ಈಗಲೂ ಆಲ್ಬಮ್ ಅವರದೇ ಎಂದು ನಂಬುತ್ತೇನೆ. ಆ ತರಗತಿಯ ಹಾಜರಿಯಿಂದ ಕೊನೆಯ ಹಾಡಿನವರೆಗೆ ಒಬ್ಬರೇ ಹಿಡಿದು ನಡೆಸಿದ ಯೋಚನೆ ಅದು, ನಾಲ್ವರಿಗೆ ನಾಲ್ಕು ಯೋಚನೆಗಳಿದ್ದರೆ ಹಾಗೆ ಬರುತ್ತಿರಲಿಲ್ಲ. ಆದರೆ 'ಹೆಚ್ಚುವರಿ' ಎಂಬ ಪದವನ್ನು ಇನ್ನು ಮುಂದೆ ನಾನು ಹಗುರವಾಗಿ ಓದಲಾರೆ.

ಟ್ರಂಕಿನಲ್ಲಿದ್ದ ಕ್ಯಾಸೆಟ್ಟಿನ ಟೇಪು ಹೋಗಿದೆ. ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿ ನೋಡಿದೆ, ಕಂದುಬಣ್ಣವೇ ಹತ್ತಿಗೆ ಬಂತು. ಒಳಹಾಳೆ ಮಾತ್ರ ಉಳಿದಿದೆ. ಆರು ಮಡಿಕೆಯ ಹಾಳೆ, ಅಕ್ಷರಗಳು ರಾಗಿ ಕಾಳಿಗಿಂತ ಸಣ್ಣವು. ಎರಡನೆಯ ಮಡಿಕೆ ಪೂರ್ತಿ ಅಂಟಿಕೊಂಡಿದೆ, ಎಳೆದರೆ ಹರಿಯುತ್ತದೆ. ಅಂಟಿರುವ ಭಾಗದಲ್ಲಿಯೇ ವಾದಕರ ಹೆಸರುಗಳಿವೆಯೋ ಏನೋ. ಈಗ ಅದನ್ನು ಅನ್ನದ ಪಾತ್ರೆಯ ಹಬೆಗೆ ಹಿಡಿದು ನಿಧಾನವಾಗಿ ಬಿಡಿಸುತ್ತಿದ್ದೇನೆ. ಬಿಡಿಸಿಕೊಂಡಷ್ಟನ್ನು ಫೋಟೋ ತೆಗೆದು, ನೆಟ್‌ವರ್ಕ್ ಸಿಗುವ ಹಲಸಿನ ಮರದ ಬುಡಕ್ಕೆ ಹೋಗಿ, ನಾಳೆ ಇಲ್ಲಿಗೆ ಹಾಕುತ್ತೇನೆ.